ಹಳ್ಳಿಕಾರ್ ತಳಿ: ಹೈನೋದ್ಯಮದ ಮೀಸಲು ಬಂಡವಾಳ

ಮಾಗಡಿ ರಸ್ತೆಯ ಹೇರೋಹಳ್ಳಿ ಇಂದು ಬೆಂಗಳೂರಿನ ಬಡಾವಣೆ. ಅದರಾಚೆಗೆ ಮಾಗಡಿ, ತುಮಕೂರು, ಮಂಡ್ಯಗಳವರೆಗೆ ಹಬ್ಬಿರುವ ಬಯಲುಸೀಮೆಯು ಹಳ್ಳಿಕಾರ್ ತಳಿಯ ತವರು. 2000ರಲ್ಲಿ ಅಂಚೆಚೀಟಿಯ ಗೌರವ ಪಡೆದ ತಳಿಯಿದು.

ರಾಜ್ಯದ ಹೈನೋದ್ಯಮವು ಅಧಿಕ ಇಳುವರಿಗಾಗಿ ಹಾಲ್‌ಸ್ಟೀನ್ ಫ್ರೀಜಿಯನ್ ಹಾಗೂ ಜರ್ಸಿ ಮಿಶ್ರತಳಿಗಳನ್ನು ಅವಲಂಬಿಸಿದೆ. ಆದರೆ ತಾಪಮಾನ ಏರಿದಂತೆ ಈ ರಾಸುಗಳು ಮೇವು ತಿನ್ನುವುದು ಕಡಿಮೆಯಾಗುತ್ತದೆ. ಹಾಲು ಇಳಿಯುತ್ತದೆ, ಗರ್ಭ ಕಟ್ಟುವ ಪ್ರಮಾಣವೂ ಕುಗ್ಗುತ್ತದೆ. ಇದರ ನಷ್ಟ ರೈತನಿಗಷ್ಟೇ ಅಲ್ಲ, ಡೇರಿಗೂ ತಟ್ಟುತ್ತದೆ.

ಹಿಣಿಲುಳ್ಳ ದೇಸಿ ರಾಸುಗಳ ಬೆವರುಗ್ರಂಥಿಗಳು ದೊಡ್ಡವು, ಸಂಖ್ಯೆಯಲ್ಲೂ ಹೆಚ್ಚು. ದೇಹದೊಳಗೆ ಉತ್ಪತ್ತಿಯಾಗುವ ಶಾಖ ಕಡಿಮೆ. ಶಾಖದ ಆಘಾತದಿಂದ ಜೀವಕೋಶಗಳನ್ನು ಕಾಪಾಡುವ ಎಚ್‌ಎಸ್‌ಪಿ-70 ಪ್ರೋಟೀನಿನ ವಂಶವಾಹಿಗಳೂ ಸಂಶೋಧಕರ ಗಮನ ಸೆಳೆದಿವೆ. ಆದರೆ ಈ ಸಹಿಷ್ಣುತೆ ಒಂದೇ ವಂಶವಾಹಿಯ ಕೊಡುಗೆಯಲ್ಲ. ತಲೆಮಾರುಗಳ ಆಯ್ಕೆಯಿಂದ ಕೂಡಿಬಂದ ಹಲವು ವಂಶವಾಹಿಗಳ ಫಲ. ತಳಿ ಅಳಿದರೆ ಈ ಜೋಡಣೆಯನ್ನು ಮರಳಿ ಕಟ್ಟುವುದು ಸುಲಭವಲ್ಲ.

ಉಳುಮೆಗೆಂದು ಬೆಳೆದ ಹಳ್ಳಿಕಾರ್ ಹಾಲು ಕೊಡುವುದು ಅಲ್ಪ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳ ಬೇಡಿಕೆಯೂ ಕುಸಿಯಿತು. ದೇಸಿ ತಳಿಗಳ ವಂಶವಾಹಿ ಆಧಾರಿತ ಆಯ್ಕೆಗಾಗಿ ಕೇಂದ್ರ ಸರ್ಕಾರವು 2024ರಲ್ಲಿ 'ಗೌ ಚಿಪ್' ಬಿಡುಗಡೆ ಮಾಡಿದೆ. ಆದರೆ ಆಯ್ಕೆಗೆ ಮೊದಲು ಕೊಟ್ಟಿಗೆಯಲ್ಲಿ ಶುದ್ಧ ರಾಸು ಉಳಿದಿರಬೇಕು. ಹಳ್ಳಿಕಾರ್ ಸಾಕುವ ರೈತನಿಗೆ ಆದಾಯ ದೊರಕಿಸುವುದು ಹೈನೋದ್ಯಮವು ತನ್ನ ನಾಳೆಗಾಗಿ ತೊಡಗಿಸುವ ಬಂಡವಾಳವೇ ಆಗಿದೆ.