ಕಸ್ಟಮ್ಸ್ ಪರ ವಕೀಲರು: ನಂಬಿಕೆ ಏನು, ನಿಜ ಏನು?

ವಿಮಾನ ನಿಲ್ದಾಣದಲ್ಲಿ ಚಿನ್ನ ಸಿಕ್ಕಿತೆಂದರೆ ಮಾರನೆಯ ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಎಷ್ಟು ಗ್ರಾಂ, ಎಲ್ಲಿ ಬಚ್ಚಿಟ್ಟಿದ್ದರು, ಯಾರು ಹಿಡಿದರು ಎಂಬುದೆಲ್ಲ ಪತ್ರಿಕೆಯಲ್ಲಿ ಬರುತ್ತದೆ. ಆಮೇಲೆ ವರ್ಷಗಟ್ಟಲೆ ನಡೆಯುವ ವ್ಯಾಜ್ಯ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ವ್ಯಾಜ್ಯದಲ್ಲಿ ಇಲಾಖೆಯ ಪರ ನಿಲ್ಲುವ ವಕೀಲರ ಬಗ್ಗೆ ಜನರಿಗಿರುವುದು ಬಹುಪಾಲು ಊಹೆ. ಈ ಊಹೆಗಳಿಂದ ನಷ್ಟವಾಗುವುದು ದುಬೈಯಿಂದ ಮಂಗಳೂರಿಗೆ ಬಂದಿಳಿಯುವ ಕುಟುಂಬಕ್ಕೆ, ಪೀಣ್ಯಕ್ಕೆ ಯಂತ್ರದ ಬಿಡಿಭಾಗ ತರಿಸಿಕೊಳ್ಳುವ ಸಣ್ಣ ಉದ್ಯಮಿಗೆ. ಹಕ್ಕಿದ್ದರೂ ಕೇಳದೆ ಬಿಡುತ್ತಾರೆ, ಹೊಣೆಯಿದ್ದರೂ ಮರೆಯುತ್ತಾರೆ.

ತಪ್ಪು ಕಲ್ಪನೆ 1: ಗಡಿ, ಪಾಸ್‌ಪೋರ್ಟ್, ಸುಂಕ ಎಲ್ಲಕ್ಕೂ ಒಂದೇ ಇಲಾಖೆ, ಅದೇ ವಕೀಲರು.

ಸತ್ಯ: ಇದು ಅಮೆರಿಕದ ಚಿತ್ರ. ಅಲ್ಲಿ 2003ರಲ್ಲಿ ಗಡಿ ಕಾವಲು, ಸುಂಕ, ವಲಸೆ ತಪಾಸಣೆಗಳನ್ನು ಒಂದೇ ಸಂಸ್ಥೆಯಡಿ ತಂದರು. ಅದಕ್ಕೆ ತನ್ನದೇ ಆದ, ಸಂಬಳದ ಮೇಲೆ ದುಡಿಯುವ ವಕೀಲರಿದ್ದಾರೆ. ನಮ್ಮಲ್ಲಿ ಗಡಿ ಕಾಯುವ ಬಿಎಸ್‌ಎಫ್ ಮತ್ತು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ವಲಸೆ ಬ್ಯೂರೊ ಗೃಹ ಸಚಿವಾಲಯಕ್ಕೆ ಸೇರಿದವು. ಕಸ್ಟಮ್ಸ್ ಇರುವುದು ಹಣಕಾಸು ಸಚಿವಾಲಯದ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ಕೈಯಲ್ಲಿ. ವೀಸಾ ತಕರಾರಿಗೂ ಕಸ್ಟಮ್ಸ್ ವಕೀಲರಿಗೂ ಸಂಬಂಧವಿಲ್ಲ.

ತಪ್ಪು ಕಲ್ಪನೆ 2: ಇವರು ಸಂಬಳ, ಪಿಂಚಣಿ ಇರುವ ಸರ್ಕಾರಿ ನೌಕರರು.

ಸತ್ಯ: ಹೈಕೋರ್ಟಿನಲ್ಲಿ ಕಸ್ಟಮ್ಸ್ ಪರ ಹಾಜರಾಗುವ ಸ್ಟ್ಯಾಂಡಿಂಗ್ ಕೌನ್ಸೆಲ್‌ಗಳು ಖಾಸಗಿಯಾಗಿ ವಕೀಲಿ ಮಾಡುವವರೇ. ಸರ್ಕಾರ ಇವರನ್ನು ನಿರ್ದಿಷ್ಟ ಅವಧಿಗೆ ಪ್ಯಾನೆಲ್‌ಗೆ ಸೇರಿಸಿಕೊಳ್ಳುತ್ತದೆ, ಮಾಡಿದ ಕೆಲಸಕ್ಕೆ ಶುಲ್ಕ ಕೊಡುತ್ತದೆ. ಬೇರೆ ಕಕ್ಷಿದಾರರ ಕೇಸು ನಡೆಸಬಹುದು, ಆದರೆ ಇಲಾಖೆಯ ವಿರುದ್ಧ ನಿಲ್ಲುವ ಹಾಗಿಲ್ಲ. ಕ್ರಿಮಿನಲ್ ಮೊಕದ್ದಮೆಗಳಿಗೆ ವಿಶೇಷ ಪಬ್ಲಿಕ್ ಪ್ರಾಸಿಕ್ಯೂಟರುಗಳು ಬೇರೆ ಇರುತ್ತಾರೆ. ಬೆಂಗಳೂರಿನಲ್ಲಿ ಇಂಥ ಮೊಕದ್ದಮೆಗಳಿಗೆಂದೇ ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯವಿದೆ.

ತಪ್ಪು ಕಲ್ಪನೆ 3: ಪ್ರತಿಯೊಂದು ಕೇಸೂ ನೇರ ಕೋರ್ಟಿಗೆ ಹೋಗುತ್ತದೆ.

ಸತ್ಯ: 1962ರ ಕಸ್ಟಮ್ಸ್ ಕಾಯ್ದೆಯಡಿ ಮೊದಲ ತೀರ್ಮಾನ ಕೊಡುವವರು ಇಲಾಖೆಯ ಅಧಿಕಾರಿಗಳೇ. ನೋಟಿಸ್ ಕೊಟ್ಟು, ಉತ್ತರ ಪಡೆದು, ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಆಯುಕ್ತರು, ಆಮೇಲೆ ಸೆಸ್ಟಾಟ್ ಎಂಬ ನ್ಯಾಯಮಂಡಳಿ. ಅದರ ಒಂದು ಪೀಠ ಬೆಂಗಳೂರಿನಲ್ಲೇ ಇದೆ. ಅಲ್ಲಿ ಇಲಾಖೆಯ ಪರ ಸಾಮಾನ್ಯವಾಗಿ ವಾದಿಸುವವರೂ ಕರಿಕೋಟಿನ ವಕೀಲರಲ್ಲ, ಆ ಕೆಲಸಕ್ಕೆ ನೇಮಕಗೊಂಡ ಇಲಾಖೆಯ ಅಧಿಕಾರಿಗಳು. ಸ್ಟ್ಯಾಂಡಿಂಗ್ ಕೌನ್ಸೆಲ್‌ಗಳ ಪಾಳಿ ಬರುವುದು ವಿಷಯ ಹೈಕೋರ್ಟ್ ಮೆಟ್ಟಿಲೇರಿದಾಗ.

ದಂಡ, ಮುಟ್ಟುಗೋಲಿನ ಈ ದಾರಿ ಒಂದು, ಜೈಲುಶಿಕ್ಷೆಯ ದಾರಿ ಇನ್ನೊಂದು. ಎರಡನೆಯದಕ್ಕೆ ಆಯುಕ್ತರ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಬೇಕು. ಮೊದಲ ದಾರಿಯಲ್ಲಿ ಆರೋಪದ ಸತ್ಯಾಸತ್ಯತೆ ನೋಡಿಯೇ ಒಬ್ಬರನ್ನು ನಿರ್ದೋಷಿ ಎಂದು ಬಿಟ್ಟಿದ್ದರೆ ಅದೇ ಸಂಗತಿಗೆ ಕ್ರಿಮಿನಲ್ ಮೊಕದ್ದಮೆ ಮುಂದುವರಿಸುವಂತಿಲ್ಲ ಎಂದು 2011ರ ರಾಧೇಶ್ಯಾಮ್ ಕೇಜ್ರಿವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತಪ್ಪು ಕಲ್ಪನೆ 4: ಕಸ್ಟಮ್ಸ್ ವಕೀಲಿಕೆ ಎಂದರೆ ಚಿನ್ನದ ಕೇಸುಗಳು.

ಸತ್ಯ: ಚಿನ್ನ ಸುದ್ದಿಯಾಗುತ್ತದೆ, ಹೆಚ್ಚಿನ ತಲೆನೋವು ಇರುವುದು ಸರಕಿನ ವರ್ಗೀಕರಣ ಮತ್ತು ಬೆಲೆಯಲ್ಲಿ. ಒಂದು ವಸ್ತುವನ್ನು ಸುಂಕಪಟ್ಟಿಯ ಯಾವ ಸಾಲಿಗೆ ಸೇರಿಸಬೇಕು ಎಂಬುದರ ಮೇಲೆ ಕೋಟಿಗಟ್ಟಲೆ ಸುಂಕ ನಿಂತಿರುತ್ತದೆ. ಕ್ಯಾನನ್ ಪ್ರಕರಣವನ್ನೇ ನೋಡಿ. 2012ರಲ್ಲಿ ದೆಹಲಿಗೆ ಬಂದ ಡಿಜಿಟಲ್ ಕ್ಯಾಮೆರಾಗಳನ್ನು ಸುಂಕ ವಿನಾಯಿತಿ ಕೊಟ್ಟು ಅಧಿಕಾರಿಗಳು ಬಿಟ್ಟುಕೊಟ್ಟರು. ವಿನಾಯಿತಿಗೆ ಅವು ಅರ್ಹವಲ್ಲ ಎಂದು ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದರೆ ಡಿಆರ್‌ಐ, ಆಮೇಲೆ ನೋಟಿಸ್ ಕೊಟ್ಟಿತು. ಕಡೆಗೆ ವಿಷಯ ಬಂದು ನಿಂತದ್ದು ಕ್ಯಾಮೆರಾದ ಮೇಲಲ್ಲ, ನೋಟಿಸ್ ಕೊಡಲು ಡಿಆರ್‌ಐ ಅಧಿಕಾರಿಗೆ ಅಧಿಕಾರವಿತ್ತೇ ಎಂಬುದರ ಮೇಲೆ. ಇರಲಿಲ್ಲ ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೇಶದಾದ್ಯಂತ ಡಿಆರ್‌ಐ ನೋಟಿಸುಗಳೆಲ್ಲ ಅಲುಗಾಡಿದವು. ಸರ್ಕಾರ ಮರುಪರಿಶೀಲನೆ ಕೋರಿತು, 2024ರ ನವೆಂಬರ್‌ನಲ್ಲಿ ಕೋರ್ಟ್ ತನ್ನ ನಿಲುವು ಬದಲಿಸಿ ಅಧಿಕಾರವಿದೆ ಎಂದಿತು. ಇಲಾಖೆಯ ವಕೀಲರ ನಿಜವಾದ ದುಡಿಮೆ ಇಂಥದ್ದು. ಕಾಯ್ದೆಯ ಒಂದು ಪದ ಹಿಡಿದು ವರ್ಷಗಟ್ಟಲೆ ಓದುವುದು, ಬರೆಯುವುದು.

ತಪ್ಪು ಕಲ್ಪನೆ 5: ಕಸ್ಟಮ್ಸ್‌ನವರೂ ಪೊಲೀಸರೇ, ಅವರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲದು.

ಸತ್ಯ: ಇದು ಅತ್ಯಂತ ಅಪಾಯದ ನಂಬಿಕೆ. ಕಸ್ಟಮ್ಸ್ ಅಧಿಕಾರಿಗಳು ಪೊಲೀಸ್ ಅಧಿಕಾರಿಗಳಲ್ಲ ಎಂದು ಸುಪ್ರೀಂ ಕೋರ್ಟ್ 1960ರ ದಶಕದಿಂದಲೂ ಹೇಳುತ್ತ ಬಂದಿದೆ. ಹಾಗಾಗಿ ಕಾಯ್ದೆಯ 108ನೇ ಕಲಮಿನಡಿ ಸಮನ್ಸ್ ಕೊಟ್ಟು ಪಡೆದ ಹೇಳಿಕೆಯನ್ನು ಸಾಕ್ಷ್ಯವಾಗಿ ಬಳಸಬಹುದು. ಅಲ್ಲಿ ಸುಳ್ಳು ಹೇಳುವುದೂ ಅಪರಾಧ. ಹಾಗೆಂದು ಬೆದರಿಸಿ ಬರೆಸಿಕೊಂಡದ್ದು ನಿಲ್ಲುವುದಿಲ್ಲ. ಹೇಳಿಕೆ ಸ್ವಇಚ್ಛೆಯಿಂದ ಬಂದಿರಬೇಕು.

2025ರ ಫೆಬ್ರುವರಿಯಲ್ಲಿ ಬಂದ ರಾಧಿಕಾ ಅಗರ್ವಾಲ್ ತೀರ್ಪು ಈ ಹಳೆಯ ನಿಲುವನ್ನು ಉಳಿಸಿಕೊಂಡೇ ಬಂಧನಕ್ಕೆ ಕಡಿವಾಣ ಹಾಕಿತು. ವ್ಯಕ್ತಿ ತಪ್ಪು ಮಾಡಿದ್ದಾನೆಂದು ನಂಬಲು ಏನು ಕಾರಣ ಎಂಬುದನ್ನು ಅಧಿಕಾರಿ ಬರೆದಿಡಬೇಕು. ಬಂಧಿತರಿಗೆ ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕಿದೆ, ವಿಚಾರಣೆ ಮುಗಿಯುವವರೆಗೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಲ್ಲ.

ತಪ್ಪು ಕಲ್ಪನೆ 6: ಚಿನ್ನ ಹಿಡಿದರೆಂದರೆ ಹೋಯಿತು. ಕೇಸು ಗೆಲ್ಲುವುದು ಇಲಾಖೆಗೆ ಸಲೀಸು.

ಸತ್ಯ: ಚಿನ್ನದ ವಿಷಯದಲ್ಲಿ ಕಾನೂನು ಇಲಾಖೆಯ ಕಡೆಗೆ ಸ್ವಲ್ಪ ವಾಲಿದೆ ನಿಜ. 123ನೇ ಕಲಮಿನ ಪ್ರಕಾರ ಅದು ಕಳ್ಳಸಾಗಣೆಯ ಮಾಲಲ್ಲ ಎಂದು ತೋರಿಸಬೇಕಾದವರು ಅದನ್ನು ಇಟ್ಟುಕೊಂಡವರು. ಆದರೆ ಆ ಹೊರೆ ಅವರ ತಲೆಗೇರುವ ಮುಂಚೆ, ವಶಪಡಿಸಿಕೊಳ್ಳುವಾಗ ಅದು ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿತ್ತು ಎಂಬುದನ್ನು ಇಲಾಖೆ ತೋರಿಸಬೇಕು. ಇದೆಲ್ಲ ಮಹಜರಿನಲ್ಲಿ ಇರಬೇಕು. ಬಿಸ್ಕತ್ತಿನ ಮೇಲೆ ಯಾವ ಗುರುತಿತ್ತು, ತೂಕ ಎಷ್ಟು, ಅಕ್ಕಸಾಲಿ ಪರೀಕ್ಷಿಸಿ ಹೇಳಿದ ಶುದ್ಧತೆ ಎಷ್ಟು, ಪಂಚರು ಯಾರು, ಸೀಲು ಹಾಕಿದ್ದು ಯಾರು. ಇದರಲ್ಲಿ ಒಂದು ತಪ್ಪಿದರೂ ಕೋರ್ಟಿನಲ್ಲಿ ಉತ್ತರ ಹೇಳಬೇಕಾದವರು ಆ ದಿನ ಅಲ್ಲಿರದಿದ್ದ ವಕೀಲರು.

ಗಡುವೂ ಇದೆ. ವಶಪಡಿಸಿಕೊಂಡ ಆರು ತಿಂಗಳೊಳಗೆ ನೋಟಿಸ್ ಕೊಡಬೇಕು. ಮೇಲಧಿಕಾರಿ ಕಾರಣ ಬರೆದು ಇನ್ನಾರು ತಿಂಗಳವರೆಗೆ ವಿಸ್ತರಿಸಬಹುದು. ಅದೂ ಆಗದಿದ್ದರೆ ಮಾಲನ್ನು ಯಾರಿಂದ ಪಡೆದರೋ ಅವರಿಗೇ ಮರಳಿಸಬೇಕು. ನೋಟಿಸೇ ಬೇಡವೆಂದು ಮೊದಲೇ ಅಚ್ಚು ಹಾಕಿಟ್ಟ ಕಾಗದಕ್ಕೆ ಪ್ರಯಾಣಿಕರ ಸಹಿ ಪಡೆಯುವ ರೂಢಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಒಂದಲ್ಲ, ಹಲವು ತೀರ್ಪುಗಳಲ್ಲಿ ತಳ್ಳಿಹಾಕಿದೆ. ಓದದೆ ಸಹಿ ಹಾಕಬೇಡಿ, ಮಹಜರಿನ ಪ್ರತಿ ಕೇಳಿ ಪಡೆಯಿರಿ.

ತಪ್ಪು ಕಲ್ಪನೆ 7: ಹೇಗಾದರೂ ಮಾಡಿ ಇಲಾಖೆಯನ್ನು ಗೆಲ್ಲಿಸುವುದೇ ಇವರ ಕೆಲಸ.

ಸತ್ಯ: ಆರೋಪಿಗೆ ಹೇಗಾದರೂ ಶಿಕ್ಷೆ ಕೊಡಿಸಲೇಬೇಕೆಂಬ ದಾಹ ಪಬ್ಲಿಕ್ ಪ್ರಾಸಿಕ್ಯೂಟರಿಗೆ ಇರಕೂಡದು ಎಂಬುದು 1999ರ ಶಿವಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿನ ಸಾರ. ಆರೋಪಿ ನಿರಪರಾಧಿ ಎಂದು ತೋರಿಸಬಲ್ಲ ಸಾಕ್ಷ್ಯವನ್ನು ಮುಚ್ಚಿಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೂ ಹೇಳುತ್ತದೆ. ಕೋರ್ಟ್ ಕಲಾಪದಾಚೆಗೆ ಇವರಿಗೆ ಇನ್ನೊಂದು ಹೊಣೆಯಿದೆ. ಇಲಾಖೆ ಸೋತಾಗ ಮೇಲ್ಮನವಿ ಹಾಕಬೇಕೇ ಎಂದು ಕೇಳಿದರೆ, ಹುರುಳಿಲ್ಲದ ಕಡೆ ಬೇಡ ಎಂದು ಬರೆದುಕೊಡಬೇಕು. ಚಿಕ್ಕ ಮೊತ್ತದ ವ್ಯಾಜ್ಯಗಳನ್ನು ಮುಂದಕ್ಕೆ ಒಯ್ಯಬಾರದೆಂದು ಮಂಡಳಿಯೇ ಮಿತಿ ಹಾಕಿದೆ. ಆ ಮಿತಿ ದಾಟಿದ ವ್ಯಾಜ್ಯಗಳಲ್ಲಿ ‘ಬೇಡ’ ಎನ್ನಲು ವಕೀಲರ ವಿವೇಚನೆ ಬೇಕು, ಎದೆಗಾರಿಕೆಯೂ ಬೇಕು.

ಸುಂಕ ಬಂದರೆ ದೇಶದ ಬೊಕ್ಕಸ ತುಂಬುತ್ತದೆ, ಕಳ್ಳಸಾಗಣೆ ನಿಂತರೆ ಪ್ರಾಮಾಣಿಕ ವ್ಯಾಪಾರಿ ಬದುಕುತ್ತಾನೆ. ಅದಕ್ಕಾಗಿ ಇಲಾಖೆಗೆ ಸಮರ್ಥ ವಕೀಲರು ಬೇಕು. ತೆರಿಗೆದಾರನ ಎದುರು ಸರ್ಕಾರ ಯಾವಾಗಲೂ ಬಲಶಾಲಿ ಕಕ್ಷಿದಾರ. ಆ ಬಲವನ್ನು ಕಾನೂನಿನ ಗೆರೆಯೊಳಗೆ ಇಡಲು ಎಲ್ಲರಿಗಿಂತ ಮೊದಲು ಅವಕಾಶ ಸಿಗುವುದು ಇಲಾಖೆಯದೇ ವಕೀಲರಿಗೆ, ಕಡತ ಅವರ ಮೇಜಿಗೆ ಬಂದ ದಿನ. ಅವರ ಯೋಗ್ಯತೆಯನ್ನು ಅಳೆಯುವುದಾದರೆ, ಗೆದ್ದ ಕೇಸುಗಳ ಜೊತೆಗೆ ಅವರು ಬೇಡವೆಂದು ತಡೆದ ಕೇಸುಗಳನ್ನೂ ಎಣಿಸಬೇಕು.