ಕೊಕ್ಕರೆ ಬೆಳ್ಳೂರು: ಗೂಡು ಊರಿನಲ್ಲಿ, ಊಟ ಕೆರೆಯಲ್ಲಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹುಣಸೆ, ಅರಳಿ ಮರಗಳ ನೆತ್ತಿಯ ತುಂಬ ಗೂಡುಗಳು. ಕೆಳಗೆ ಓಣಿಯಲ್ಲಿ ದನ, ಗಾಡಿ, ಬೈಕು. ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಸಂಸಾರ. ಮರಿ ಮಾಡುವ ಕಾಲಕ್ಕೆ ಬಣ್ಣದ ಕೊಕ್ಕರೆಯ ಬೆನ್ನಿನ ಹಿಂಬದಿಯ ಗರಿಗಳಲ್ಲಿ ಗುಲಾಬಿ ರಂಗು ಏರುತ್ತದೆ. ಹೆಜ್ಜಾರ್ಲೆಯ ಮರಿ ಕತ್ತಿನವರೆಗೂ ತಲೆಯನ್ನು ತಾಯಿಯ ಕೊಕ್ಕಿನ ಚೀಲಕ್ಕೆ ತೂರಿಸಿ ಮೀನು ತಿನ್ನುವ ಪರಿ, ಮೊದಲ ಸಲ ನೋಡುವವರಿಗೆ ದಿಗಿಲೇ ಹುಟ್ಟಿಸೀತು. ಇದೆಲ್ಲ ಜಗಲಿಯ ಮೇಲಿಂದಲೇ ಕಾಣುವುದರಿಂದ, ಊರವರ ಪ್ರೀತಿಯೇ ಹಕ್ಕಿಗಳಿಗೆ ಕಾವಲು ಎಂದು ಬರೆಯುವುದು ರೂಢಿಯಾಗಿದೆ. ಅದು ಅರ್ಧ ನಿಜ.

ಈ ಹಕ್ಕಿಗಳ ವಸಂತಕ್ಕೂ ಮಾವಿನ ಚಿಗುರಿಗೂ ಸಂಬಂಧವಿಲ್ಲ. ಅದನ್ನು ಗೊತ್ತುಮಾಡುವುದು ಮೀನು. ಮಳೆಗಾಲ ಕಳೆದು ಕೆರೆಗಳ ನೀರು ತಗ್ಗುತ್ತ ಬಂದಂತೆ ಮೀನುಗಳು ಒತ್ತಾಗುತ್ತವೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ಆಳವಿಲ್ಲದ ನೀರಿನಲ್ಲಿ ಅತ್ತಿತ್ತ ಆಡಿಸುತ್ತ, ತಾಗಿದ ಮೀನನ್ನು ಕಚ್ಚಿ ಹಿಡಿಯುತ್ತದೆ. ಆಳದ ನೀರಿನಲ್ಲಿ ಆ ಆಟ ನಡೆಯದು. ಮಳೆ ತೀರಾ ಕೈಕೊಟ್ಟ ವರ್ಷ ಕೆರೆಯೇ ತುಂಬದು, ಮೀನೂ ಬೆಳೆಯದು. ಆಗ ಮರಗಳು ಎಷ್ಟಿದ್ದರೂ ಗೂಡುಗಳಿಗೆ ಬರ.

ಊರವರ ಪಾಲನ್ನು ಇಷ್ಟಕ್ಕೇ ತಳ್ಳಿಹಾಕಬಹುದೇ ಎಂದು ಕೇಳಿದರೆ, ಖಂಡಿತ ಇಲ್ಲ. ಹುಣಸೆ ಕೀಳುವ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುವುದರಿಂದ ಮರದ ಒಡೆಯರು ಫಸಲು ಬಿಡಬೇಕಾಗುತ್ತದೆ. ಅರಣ್ಯ ಇಲಾಖೆ ಅದಕ್ಕೆ ಹಣ ಕೊಡುತ್ತದೆ. ಹಣ ಪಡೆದರೆ ಅದೆಂಥ ಪ್ರೀತಿ ಎಂದು ಮೂಗು ಮುರಿಯುವವರು ಹುಣಸೆಯನ್ನು ಅಂಗಡಿಯಲ್ಲಿ ಕೊಳ್ಳುವವರೇ ಇರಬೇಕು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಮಾಡುತ್ತ ಬಂದಿದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಇಷ್ಟಾದರೂ 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಯಾರೂ ಕಲ್ಲು ಹೊಡೆದಿರಲಿಲ್ಲ, ಮರ ಕಡಿದಿರಲಿಲ್ಲ. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಕಂಡದ್ದು ಮೀನಿನ ಮೂಲಕ ಬಂದ ಜಂತುಹುಳುಗಳ ರಾಶಿ. ಮೀನು ತಿನ್ನುವ ಹಕ್ಕಿಗೆ ಜಂತುಹುಳು ಸಹಜವಲ್ಲವೇ ಎಂಬ ಆಕ್ಷೇಪ ಸರಿಯೇ. ಆದರೆ ಸಾಲುಸಾಲಾಗಿ ಸಾಯುವುದು ಸಹಜವಲ್ಲ. ಹುಳು ಅಷ್ಟು ಹೆಚ್ಚಿದ್ದಕ್ಕೆ ಕಾರಣ ಏನೇ ಇರಲಿ, ಅದು ಬಂದ ದಾರಿ ಕೆರೆಯ ನೀರು. ಮೀಸಲು ಪ್ರದೇಶದ ಗಡಿ ಅಲ್ಲಿಯವರೆಗೆ ಚಾಚಿಲ್ಲ.

ಹೀಗಾಗಿ ಸುತ್ತಲಿನ ಕೆರೆಗಳಿಗೆ ಸೇರುವ ಕೊಳಚೆ, ತುಂಬುವ ಹೂಳು, ಮೀನಿನ ಗುತ್ತಿಗೆ ಎಲ್ಲವೂ ಹಕ್ಕಿಗಳ ವಿಷಯವೇ. ಗುತ್ತಿಗೆದಾರ ತನ್ನ ಮೀನು ಹೋಯಿತೆಂದು ತಕರಾರು ತೆಗೆದರೆ ಅದೂ ನ್ಯಾಯವೇ. ಹುಣಸೆಯ ಒಡೆಯನ ನಷ್ಟಕ್ಕೆ ಲೆಕ್ಕ ಹಾಕಿದ ಸರ್ಕಾರ, ಗುತ್ತಿಗೆಯ ಮೊತ್ತ ಗೊತ್ತುಮಾಡುವಾಗ ಹೆಜ್ಜಾರ್ಲೆಯ ಪಾಲನ್ನು ಅದರಲ್ಲೇ ಮುರಿದುಕೊಳ್ಳಬಹುದು.