ಈಚಲು ಸೀಮೆಯ ಏರು ಇಳಿಜಾರು

‘ಛಿಂದ್’ ಎಂದರೆ ಈಚಲು. ಆ ಮರಗಳು ಕಿಕ್ಕಿರಿದಿದ್ದ ಊರು ಛಿಂದ್‌ವಾಡಾ ಆಯಿತಂತೆ. ಸಿಂಹಗಳಿದ್ದ ‘ಸಿಂಹದ್ವಾರ’ವೇ ಹೀಗಾಯಿತು ಎನ್ನುವವರೂ ಇದ್ದಾರೆ. ನನ್ನ ಮತ ಈಚಲಿಗೇ.

ಮಧ್ಯಪ್ರದೇಶದ ದಕ್ಷಿಣದ ಅಂಚಿನಲ್ಲಿ, ಸಾತ್ಪುಡಾ ಬೆಟ್ಟಸಾಲಿನ ಬೆನ್ನ ಮೇಲಿರುವ ಜಿಲ್ಲೆ ಇದು. ಇಲ್ಲಿ ಬಿದ್ದ ಮಳೆಗೆ ಎರಡು ದಾರಿ. ಉತ್ತರಕ್ಕೆ ಇಳಿದ ದೂಧಿ ನದಿಯ ನೀರು ನರ್ಮದೆ ಸೇರಿ ಅರಬ್ಬಿ ಸಮುದ್ರ ಕಾಣುತ್ತದೆ. ದಕ್ಷಿಣಕ್ಕೆ ಹೊರಟ ಪೇಂಚ್, ಕನ್ಹಾನ್‌ಗಳ ನೀರು ವೈನಗಂಗೆಯ ಮೂಲಕ ಗೋದಾವರಿಗೆ ಬಿದ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ.

2011ರ ಜನಗಣತಿಯಲ್ಲಿ ಜಿಲ್ಲೆಯ ವಿಸ್ತೀರ್ಣ 11,815 ಚದರ ಕಿ.ಮೀ., ರಾಜ್ಯಕ್ಕೇ ದೊಡ್ಡದು. ಜನ 20,90,922. ಚದರ ಕಿ.ಮೀ.ಗೆ 177 ಮಂದಿ ಎಂಬ ಸರಾಸರಿ ಇಲ್ಲಿ ಹೆಚ್ಚೇನನ್ನೂ ಹೇಳುವುದಿಲ್ಲ. ಪರಾಸಿಯಾದ ಕಲ್ಲಿದ್ದಲು ಗಣಿಗಳ ಸುತ್ತ ಪೇಟೆಗಳೇ ಎದ್ದಿವೆ. ತಾಮಿಯಾದ ಕಾಡಿನೊಳಗೆ ಗುಡಿಸಲಿನಿಂದ ಗುಡಿಸಲಿಗೆ ಒಂದು ಗುಡ್ಡದ ದೂರ.

ಆ ತಾಮಿಯಾದ ಬಳಿಯೇ ಪಾತಾಳಕೋಟ್. ಸುತ್ತ ಬಂಡೆಗೋಡೆ, ನಡುವೆ ಸಾವಿರ ಅಡಿಗೂ ಮಿಕ್ಕಿದ ಆಳದಲ್ಲಿ 79 ಚದರ ಕಿ.ಮೀ. ಕಣಿವೆ, ಹನ್ನೆರಡು ಹಳ್ಳಿ. ಬಿಸಿಲು ತಡವಾಗಿ ಇಳಿಯುತ್ತದೆ, ಬೇಗ ಏರಿಹೋಗುತ್ತದೆ. ಶಿವನನ್ನು ಪೂಜಿಸಿದ ಮೇಘನಾದ ಪಾತಾಳಕ್ಕೆ ಇಳಿದದ್ದು ಇಲ್ಲಿಂದಲೇ ಎಂದು ಇಲ್ಲಿನ ಕತೆ. ರಾವಣನ ಮಗನಿಗೆ ಇಲ್ಲಿ ಮರ್ಯಾದೆಯಿದೆ. ಒಳಗಿರುವವರು ಭಾರಿಯಾ ಮತ್ತು ಗೊಂಡ ಜನ. ಹಾರಕ, ಸಾಮೆ ಬಿತ್ತುತ್ತಾರೆ. ಬೇಸಿಗೆ ಬಂದರೆ ನಸುಕಿಗೇ ಎದ್ದು ಹಿಪ್ಪೆ ಹೂ ಆಯುತ್ತಾರೆ. ರಸ್ತೆ ಬರುವ ಮುನ್ನ ಉಪ್ಪು ಬೇಕೆಂದರೂ ಗೋಡೆ ಹತ್ತಿಯೇ ಬರಬೇಕಿತ್ತು.

ಜಿಲ್ಲೆಯ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಆದಿವಾಸಿಗಳು. ಅವರಲ್ಲಿ ಗೊಂಡರೇ ಬಹುಪಾಲು. ನಾಗಪುರವನ್ನು ಕಟ್ಟಿದ ಬಖ್ತ್ ಬುಲಂದ್ ಶಾಹ ಇಲ್ಲಿಯ ದೇವಗಢದ ಗೊಂಡ ದೊರೆ. ಗೊಂಡಿ ಭಾಷೆಯಲ್ಲಿ ಎಣಿಸುವುದನ್ನು ಕೇಳಿ: ರಂಡ್, ಮುಂದ್, ನಾಲುಂಗ್. ಎರಡು, ಮೂರು, ನಾಲ್ಕು! ಸುತ್ತೆಲ್ಲ ಹಿಂದಿ, ಮರಾಠಿ ಹಬ್ಬಿರುವ ಕಡೆ ನಮ್ಮ ನುಡಿಯ ದಾಯಾದಿ ಹೀಗೆ ಎದುರಾಗುತ್ತದೆ.

ದಕ್ಷಿಣಕ್ಕೆ ಘಾಟ್ ಇಳಿದರೆ ಸೌಸರ್, ಪಾಂಢುರ್ಣಾ. ಅಲ್ಲಿ ಕಪ್ಪು ಮಣ್ಣು, ಕಿತ್ತಳೆ ತೋಟ, ಮರಾಠಿ ಮಾತು. 2023ರಲ್ಲಿ ಈ ಎರಡೂ ತಾಲ್ಲೂಕುಗಳು ಬೇರ್ಪಟ್ಟು ಪಾಂಢುರ್ಣಾ ಜಿಲ್ಲೆಯಾದವು. ಮೇಲಿನವರು, ಕೆಳಗಿನವರು ಎಂದು ನೆಲವೇ ಎಂದೋ ಮಾಡಿಟ್ಟಿದ್ದ ಪಾಲಿಗೆ ಸರ್ಕಾರ ರುಜು ಹಾಕಿತು, ಅಷ್ಟೆ.

ಪಾಂಢುರ್ಣಾದೊಳಗೂ ಒಂದು ಗಡಿಯಿದೆ, ಜಾಮ್ ನದಿ. ಎತ್ತುಗಳ ಹಬ್ಬ ಪೋಳದ ಮರುದಿನ ಹೊಳೆಯ ನಡುವೆ ಮುತ್ತುಗದ ಮರ ನೆಟ್ಟು ಬಾವುಟ ಕಟ್ಟುತ್ತಾರೆ. ಆಚೆ ದಡದಲ್ಲಿ ಸಾವರಗಾಂವ್, ಈಚೆ ಪಾಂಢುರ್ಣಾ. ಬಾವುಟಕ್ಕಾಗಿ ಕಲ್ಲಿನ ಮಳೆ. ಇದೇ ಗೋಟ್‌ಮಾರ್. ಸತ್ತವರೂ ಇದ್ದಾರೆ. ಆಡಳಿತ ಒಮ್ಮೆ ಕಲ್ಲಿನ ಬದಲು ರಬ್ಬರ್ ಚೆಂಡು ಹಂಚಿ ನೋಡಿತು. ಜನ ಮತ್ತೆ ಕಲ್ಲನ್ನೇ ಎತ್ತಿಕೊಂಡರು.